ಮಾರ್ತಮ್ಮನ ಸೌಟು

"ಗುರುಗಳೇ, ಎಷ್ಟು ಸಲ ಕ್ಷಮೆ ಕೇಳಬೇಕು?" ಎಂದು ಶಿಷ್ಯ ಕೇಳಿದ.

ಶಿಷ್ಯನ ಹೆಸರು ಜಯಶೀಲ. ಸಭಾಪಾಲಕನಾಗಲು ಓದುತ್ತಿದ್ದವನು. ಅವನ ಮನೆ ಮೇಲುಕೇರಿಯಲ್ಲಿ. ಗುರು ಉಪದೇಶಿ ತಿಮೊಥಪ್ಪ. ಅವರ ಮನೆ ಕೆಳಕೇರಿಯಲ್ಲಿ. ಎರಡು ಕೇರಿಯವರೂ ಕ್ರೈಸ್ತರೇ. ಊರಿಗೆ ದೇವಾಲಯ ಒಂದು, ಗಂಟೆ ಒಂದು, ಸ್ಮಶಾನ ಮಾತ್ರ ಎರಡು.

ಇಬ್ಬರೂ ಗುರುವಿನ ಮನೆಯ ಜಗಲಿಯ ಮೇಲೆ ಕೂತಿದ್ದರು. ಗುರುವಿನ ಹೆಂಡತಿ ಎರಡು ಲೋಟ ಕಾಫಿ ತಂದಿಟ್ಟು ಒಳಗೆ ಹೋದರು. ಶಿಷ್ಯನಿಗೆ ತನ್ನ ಪ್ರಶ್ನೆಯ ಅವಸರ.

"ಹೋದ ಭಾನುವಾರ ನಮ್ಮ ದೊಡ್ಡಪ್ಪ ಎಲ್ಲರೆದುರು ಎದ್ದು ನಿಂತು, ನಮ್ಮ ಹಿರಿಯರು ನಿಮಗೆ ಅನ್ಯಾಯ ಮಾಡಿದರು, ಕ್ಷಮಿಸಿ ಎಂದರು. ಕಣ್ಣೀರನ್ನೂ ಹಾಕಿದರು. ಕೆಳಕೇರಿಯವರು ಸುಮ್ಮನೆ ಕೂತಿದ್ದರು. ಒಬ್ಬರೂ ಆಮೆನ್ ಅನ್ನಲಿಲ್ಲ. ಕೇಳಿದ ಮೇಲೂ ಮನಸ್ಸು ಕರಗದಿದ್ದರೆ ತಪ್ಪು ಯಾರದು, ಗುರುಗಳೇ?"

ಗುರು ತಮ್ಮ ಲೋಟ ಎತ್ತಿ ಒಂದು ಗುಟುಕು ಕುಡಿದರು.

"ಒಂದು ಕತೆ ಹೇಳುತ್ತೇನೆ. ಇದನ್ನು ನಯವಾಗಿ ಹೇಳಲು ನನಗೆ ಬರುವುದಿಲ್ಲ. ಇದ್ದ ಹಾಗೆ ಹೇಳುತ್ತೇನೆ, ಕೇಳು" ಎಂದರು.

ಒಂದು ಊರಿನಲ್ಲಿ ಗೌಡರು ದೀಕ್ಷಾಸ್ನಾನ ಪಡೆದಿದ್ದರು. ಅವರ ಹೊಲದಲ್ಲಿ ದುಡಿಯುವ ಹೊಲೆಯರೂ ಪಡೆದಿದ್ದರು. ಒಬ್ಬನೇ ಬೋಧಕ, ಒಂದೇ ಕೆರೆಯ ನೀರು. ನೀರು ಎಲ್ಲರ ತಲೆಯನ್ನೂ ಒದ್ದೆ ಮಾಡಿತು. ಜಾತಿಯ ಮೇಲೆ ಒಂದು ಹನಿಯೂ ಬೀಳಲಿಲ್ಲ.

ದೇವಾಲಯದಲ್ಲಿ ಪೀಠದ ಹತ್ತಿರ ಬೆಂಚು ಹಾಕಿದರು. ಅದು ಗೌಡರಿಗೆ. ಬಾಗಿಲ ಹತ್ತಿರ ಚಾಪೆ ಹಾಸಿದರು. ಅದು ಹೊಲೆಯರಿಗೆ. ಕರ್ತನ ಭೋಜನದ ಬಟ್ಟಲು ಮೊದಲು ಬೆಂಚಿಗೆ ಹೋಗುತ್ತಿತ್ತು, ಆಮೇಲೆ ಚಾಪೆಗೆ ಬರುತ್ತಿತ್ತು. ಚಾಪೆಯವರು ಕುಡಿದ ಬಟ್ಟಲು ಬೆಂಚಿನವರ ಬಾಯಿಗೆ ಹೋದದ್ದನ್ನು ಆ ಊರಿನಲ್ಲಿ ಕಂಡವರಿಲ್ಲ.

ಸುಗ್ಗಿ ಮುಗಿದ ಮೇಲೆ ಪ್ರಥಮಫಲದ ಹಬ್ಬ ಬರುತ್ತಿತ್ತು. ಆರಾಧನೆಯಾದ ಮೇಲೆ ಊರಿಗೆಲ್ಲ ಊಟ. ಆ ಊಟಕ್ಕೆ ಪ್ರೇಮಭೋಜನ ಎಂದು ಹೆಸರು. ಮೇಲುಕೇರಿಯ ಹೆಂಗಸರು ಅಡಿಗೆ ಮಾಡುತ್ತಿದ್ದರು. ಕೆಳಕೇರಿಯವರು ಸೌದೆ ಒಡೆಯಬೇಕು, ಎಲೆ ಎಸೆಯಲು ಗುಂಡಿ ತೋಡಬೇಕು, ಕೊನೆಯ ಪಂಕ್ತಿಯಲ್ಲಿ ಉಣ್ಣಬೇಕು, ಎಲ್ಲರ ಎಂಜಲೆಲೆ ಎತ್ತಬೇಕು. ಅಡಿಗೆಯ ಪಾತ್ರೆ ಮಾತ್ರ ಮುಟ್ಟಬಾರದು. ಇದನ್ನು ಯಾರೂ ಯಾರಿಗೂ ಹೇಳಿಕೊಡುತ್ತಿರಲಿಲ್ಲ. ಹುಟ್ಟಿದವರಿಗೆಲ್ಲ ಗೊತ್ತಿರುತ್ತಿತ್ತು.

ಮಾರ್ತಮ್ಮ ಆ ಊರಲ್ಲಿ ಹುಟ್ಟಿದವಳಲ್ಲ. ಕೆಳಕೇರಿಗೆ ಸೊಸೆಯಾಗಿ ಬಂದವಳು. ಅವಳ ತವರಿನಲ್ಲಿ ಇದ್ದದ್ದು ಒಂದೇ ಕೇರಿ. ಅಲ್ಲಿ ಹಬ್ಬ ಬಂದರೆ ಕೈ ಖಾಲಿ ಇದ್ದವರು ಸೌಟು ಹಿಡಿಯುತ್ತಿದ್ದರು.

ಅವಳು ಬಂದ ವರ್ಷದ ಹಬ್ಬ. ಸೌದೆ ಹೊತ್ತು ಒಲೆಯ ಹತ್ತಿರ ಬಂದಳು. ಒಳಗೆ ಕೀರ್ತನೆ ಶುರುವಾಗಿತ್ತು. ಅಡಿಗೆಯವರು ಅದನ್ನು ಕೇಳಲು ಬಾಗಿಲಿಗೆ ಹೋಗಿ ನಿಂತಿದ್ದರು. ಕೊಪ್ಪರಿಗೆಯಲ್ಲಿ ಕುರಿ ಸಾರು ಕುದಿಯುತ್ತಿತ್ತು. ತಳ ಹಿಡಿಯುವ ವಾಸನೆ ಬಂತು. ಮಾರ್ತಮ್ಮ ಯೋಚನೆ ಮಾಡಲಿಲ್ಲ. ಸೌದೆ ಕೆಳಗೆ ಹಾಕಿದಳು, ಉರಿ ಹಿಂದಕ್ಕೆ ಎಳೆದಳು, ಸೌಟು ತೆಗೆದುಕೊಂಡು ತಳದಿಂದ ತಿರುವಿದಳು. ಸಾರು ಉಳಿಯಿತು.

ಬಾಗಿಲಲ್ಲಿ ನಿಂತಿದ್ದ ಒಬ್ಬಳು ತಿರುಗಿ ನೋಡಿದಳು.

"ಅಯ್ಯಯ್ಯೋ, ಮುಟ್ಟಿಬಿಟ್ಟಳಲ್ಲೇ!"

ಕೀರ್ತನೆ ಅರ್ಧಕ್ಕೆ ನಿಂತಿತು. ಮೇಲುಕೇರಿಯ ಇಬ್ಬರು ಯುವಕರು ಕೊಪ್ಪರಿಗೆಯ ಬಳೆಗಳಿಗೆ ಬೊಂಬು ತೂರಿಸಿ ಎತ್ತಿದರು. ಅಷ್ಟೂ ಸಾರನ್ನು ಎಂಜಲೆಲೆಯ ಗುಂಡಿಗೆ ಸುರಿದರು. ಬೆಳಿಗ್ಗೆ ಆ ಗುಂಡಿ ತೋಡಿದವನು ಮಾರ್ತಮ್ಮನ ಗಂಡ. ನಾಯಿಗಳು ಓಡಿಬಂದವು. ಆಮೇಲೆ ಹುಣಸೆಹಣ್ಣು, ಬೂದಿ ಹಾಕಿ ಕೊಪ್ಪರಿಗೆ ಉಜ್ಜಿದರು. ಅದೂ ಸಾಲದೆಂದು ಒಳಗೆ ಕೆಂಡ ಸುರಿದು ಸುಟ್ಟರು. ಬೋಧಕ ಎರಡೂ ಕೈ ಎತ್ತಿ "ಸಮಾಧಾನ, ಸಮಾಧಾನ" ಎಂದ. ಆಶೀರ್ವಾದ ಹೇಳಿ ಗೌಡರ ಮನೆಗೆ ಊಟಕ್ಕೆ ಹೋದ.

ಮಾರ್ತಮ್ಮನನ್ನು ಯಾರೂ ಹೊಡೆಯಲಿಲ್ಲ. ಮುಂದೆ ಬಹಳ ವರ್ಷ ಗೌಡರು ಅದನ್ನೇ ದೊಡ್ಡ ಉಪಕಾರದಂತೆ ಹೇಳಿಕೊಂಡರು. "ನಾವೇನು ಅವಳ ಮೇಲೆ ಕೈ ಮಾಡಿದೆವಾ?"

ಅಂದಿನಿಂದ ಮಾರ್ತಮ್ಮ ಪ್ರೇಮಭೋಜನಕ್ಕೆ ಕೂರಲಿಲ್ಲ. ಆರಾಧನೆಗೆ ಬರುತ್ತಿದ್ದಳು, ಆಮೆನ್ ಎಂದ ಕೂಡಲೇ ಮನೆಗೆ ಹೋಗುತ್ತಿದ್ದಳು. ಮನೆಯಲ್ಲಿ ಅಡಿಗೆ ಮಾಡುತ್ತಿದ್ದಳು. ಆದರೆ ನೆಂಟರು ಬಂದರೆ ಬಡಿಸಲು ಅವಳಿಂದ ಆಗುತ್ತಿರಲಿಲ್ಲ. ಸೌಟು ಎತ್ತಿದ ಕೈ ಪಾತ್ರೆಯ ಮೇಲೆ ಹಾಗೇ ನಿಂತುಬಿಡುತ್ತಿತ್ತು. ಯಾರೋ ಹಿಂದಿನಿಂದ ಕೂಗುತ್ತಾರೆ ಎಂದು ಬೆನ್ನು ಕಾಯುತ್ತಿತ್ತು. ಮಗನ ಮದುವೆಯಲ್ಲೂ ಬಡಿಸಲು ನಾದಿನಿಯನ್ನು ಕರೆದಳು. "ನೀನೇ ಒಂದು ಸೌಟು ಹಾಕು, ಅತ್ತಿಗೆ. ಹೆತ್ತ ತಾಯಿ ನೀನು" ಎಂದು ನಾದಿನಿ ಬೈದಳು. ಮಾರ್ತಮ್ಮ ಹಿತ್ತಲಿಗೆ ಹೋಗಿ ಕೂತಳು.

ಒಂದು ಕೊಪ್ಪರಿಗೆ ಸಾರು ಒಂದು ಗಳಿಗೆಯಲ್ಲಿ ಮಣ್ಣಿಗೆ ಹೋಯಿತು. ಅವಳ ಕೈಯಿಂದ ಆ ಗಳಿಗೆ ಹೋಗಲಿಲ್ಲ.

ಕಾಲ ಬದಲಾಯಿತು ಎಂದು ಎಲ್ಲರೂ ಹೇಳುತ್ತಿದ್ದರು. ಚಾಪೆ ಹೋಗಿ ಬೆಂಚು ಬಂತು. ಬಾಗಿಲ ಹತ್ತಿರದ ಬೆಂಚು. ಮಾರ್ತಮ್ಮನ ತಲೆ ನೆರೆಯಿತು. ಬೊಂಬು ಹೊತ್ತ ಇಬ್ಬರಲ್ಲಿ ಒಬ್ಬ ಸತ್ತ. ಇನ್ನೊಬ್ಬ ಸಭೆಯ ಹಿರಿಯನಾದ. ಕೊಪ್ಪರಿಗೆ ಮಾತ್ರ ಮೇಲುಕೇರಿಯವರ ಕೈಯಲ್ಲೇ ಉಳಿಯಿತು.

ಆಗ ಆ ಸಭೆಗೆ ಹೊಸ ಬೋಧಕ ಅಯ್ಯನವರು ಬಂದರು. ಹುರುಪಿನ ಮನುಷ್ಯ. ಎರಡು ಕೇರಿ ಒಂದಾಗಬೇಕು, ಹಳೆಯ ಗಾಯ ವಾಸಿಯಾಗಬೇಕು ಎಂದು ಪ್ರಸಂಗ ಮಾಡಿದರು. ಅದಕ್ಕಾಗಿ ಒಂದು ಭಾನುವಾರವನ್ನೇ ಗೊತ್ತುಮಾಡಿದರು. ಅಂದು ಮೇಲುಕೇರಿಯ ಹಿರಿಯ ಕೆಳಕೇರಿಯ ಹಿರಿಯಳ ಕಾಲು ತೊಳೆಯಬೇಕು. ಹಿರಿಯ ಒಪ್ಪಿದ. ಅವನು ನಿಜವಾಗಿಯೂ ನೊಂದಿದ್ದ. ನಾಯಿಗಳು ಸಾರು ನೆಕ್ಕಿದ್ದು ಅವನ ಕಣ್ಣಿಗೂ ಕಟ್ಟಿತ್ತು.

ಮಾರ್ತಮ್ಮನನ್ನು ಪೀಠದ ಮುಂದೆ ಕುರ್ಚಿಯಲ್ಲಿ ಕೂರಿಸಿದರು. ಶಾಲು ಹೊದಿಸಿದರು. ಹಿರಿಯ ಮಂಡಿಯೂರಿ ಹಿತ್ತಾಳೆ ಬೋಗುಣಿಯಲ್ಲಿ ಅವಳ ಕಾಲಿಟ್ಟು ತೊಳೆದ. ಟವೆಲಿನಿಂದ ಒರೆಸಿದ. ಅವನ ಕಣ್ಣೀರು ಬೋಗುಣಿಗೆ ಬಿತ್ತು. ಜನ ಫೋಟೋ ತೆಗೆದರು. "ಕ್ಷಮಿಸಿದೆ ಅಂತ ಒಂದು ಮಾತು ಹೇಳಿ, ಅಮ್ಮ" ಎಂದು ಅಯ್ಯನವರು ಮೈಕು ಹಿಡಿದರು.

ಮಾರ್ತಮ್ಮ ಮೈಕಿನ ಕಡೆ ನೋಡಲಿಲ್ಲ. ಹಿರಿಯನ ಕಡೆ ನೋಡಿದಳು.

"ಗೌಡ್ರೇ, ನನ್ನ ಕಾಲಿಗೆ ಏನಾಗಿತ್ತು? ಅವತ್ತು ನೀವು ಮೈಲಿಗೆ ಅಂದದ್ದು ನನ್ನ ಕೈನ."

ಶಾಲು ಮಡಿಸಿ ಕುರ್ಚಿಯ ಮೇಲಿಟ್ಟು ಮನೆಗೆ ಹೋದಳು.

ಇಲ್ಲಿ ಶಿಷ್ಯನಿಗೆ ತಡೆಯಲಾಗಲಿಲ್ಲ. ಮುಂದಿದ್ದ ಲೋಟವನ್ನು ಬದಿಗೆ ಸರಿಸಿ ಬಾಗಿ ಕೂತ.

"ಇದು ಅತಿಯಾಗಲಿಲ್ಲವೇ, ಗುರುಗಳೇ? ಅಷ್ಟು ಜನರ ಮುಂದೆ ಅವರು ಮಂಡಿಯೂರಿದ್ದರು."

"ಅಷ್ಟು ಜನರ ಮುಂದೆ ಕೊಪ್ಪರಿಗೆ ಸುರಿದದ್ದು ನಿನಗೆ ಅತಿ ಅನ್ನಿಸಲಿಲ್ಲ. ಆಗ ನೀನು ಬಾಯಿ ಬಿಡಲಿಲ್ಲ" ಎಂದರು ಗುರು. ಕತೆ ಮುಂದುವರಿಸಿದರು.

ಮೇಲುಕೇರಿ ಕುದಿಯಿತು. ಮುದುಕಿಗೆ ಸೊಕ್ಕು ಎಂದರು. ಕಾಲು ಹಿಡಿದರೂ ಸಾಲದಂತೆ, ತಲೆ ಮೇಲೆ ಕೂರಬೇಕಂತೆ ಎಂದರು. ಹಿರಿಯನಿಗೆ ಮಾತ್ರ ಅವಳ ಮಾತು ನಾಟಿತ್ತು. ಒಂದು ಬೆಳಿಗ್ಗೆ ಒಬ್ಬನೇ ಕೆಳಕೇರಿಗೆ ಬಂದ. ಮಾರ್ತಮ್ಮನ ಬಾಗಿಲ ಹೊರಗೆ ನಿಂತ.

"ಮಾರ್ತಿ, ನಾನು ಏನು ಮಾಡಬೇಕು, ನೀನೇ ಹೇಳು."

ಅವಳು ಅಕ್ಕಿ ಆರಿಸುತ್ತಿದ್ದಳು. ಮೊರದಿಂದ ಕಣ್ಣು ಎತ್ತಲಿಲ್ಲ.

"ಹಬ್ಬದ ದಿನ ಆ ಕೊಪ್ಪರಿಗೆ ನನಗೆ ಬಿಡಿ. ನಾನು ಸಾರು ಮಾಡ್ತೀನಿ. ನೀವು ಮೊದಲನೇ ಪಂಕ್ತೀಲಿ ಕೂತು ಉಣ್ಣಿ."

"ಅಷ್ಟೇನಾ?"

ಅವಳಿಗೆ ನಗು ಬಂತು.

"ಅಷ್ಟೇನಾ ಅಂತೀರಲ್ಲ ಗೌಡ್ರೇ. ಮನೆಗೆ ಹೋಗಿ ಗೌಡ್ತಿಗೆ ಹೇಳಿ ನೋಡಿ."

ಅವನು ಮನೆಗೆ ಹೋಗಿ ಹೇಳಿದ. ಅವನ ಹೆಂಡತಿ ಕೊಟ್ಟ ಉತ್ತರವನ್ನು ಅವರ ಅಂಗಳ ಗುಡಿಸುವ ಹೆಂಗಸು ಕೇಳಿಸಿಕೊಂಡು ಕೆಳಕೇರಿಗೆ ತಂದಳು. ಗೌಡ್ತಿ ಹೇಳಿದ್ದಳಂತೆ: "ಕಾಲು ತೊಳೆದಿರಿ, ನಾನು ಬೇಡ ಅಂದೆನಾ? ಮನೆಗೆ ಬಂದು ತಲೆಗೆ ಸ್ನಾನ ಮಾಡಿದಿರಿ, ಮುಗಿಯಿತು. ಹೊಟ್ಟೆಗೆ ಹೋದದ್ದನ್ನ ಹೇಗೆ ತೊಳೀತೀರಿ?"

ಕೆಳಕೇರಿಯಲ್ಲಿ ಇದನ್ನು ಕೇಳಿ ಕೆಲವರು ನಕ್ಕರು, ಕೆಲವರು ಉಗಿದರು. ಮಾರ್ತಮ್ಮ ನಗಲೂ ಇಲ್ಲ, ಉಗಿಯಲೂ ಇಲ್ಲ. "ನೋಡಿ, ಜಾತಿ ಅಡಗಿರೋದು ಅಲ್ಲಿ" ಎಂದಳಷ್ಟೇ.

ಹಬ್ಬ ಹತ್ತಿರವಾದಂತೆ ಅವಳ ಸೊಸೆಗೆ ಭಯವಾಯಿತು.

"ಯಾಕತ್ತೆ ಬೇಕು ನಿಮಗೆ ಇದು? ಮತ್ತೆ ಸುರಿದರೆ ಏನು ಮಾಡ್ತೀರಿ?"

"ಸುರಿದರೆ ಸುರೀಲಿ. ಈ ಸಲ ಗುಂಡಿ ತೋಡೋರು ನಾವಲ್ಲ."

ಹಾಗೆಂದಳು. ಆದರೆ ಅವಳಿಗೂ ಭಯವಿತ್ತು. ಅವಳ ಭಯ ಮೇಲುಕೇರಿಯದಲ್ಲ, ತನ್ನ ಕೈಯದು. ಅಷ್ಟು ಜನರೆದುರು ಕೈ ನಿಂತುಬಿಟ್ಟರೆ? ಆಗ ಅವರು ಸುರಿಯುವುದೇ ಬೇಡ. ಸಾರು ತಾನಾಗಿಯೇ ಸೀದುಹೋಗುತ್ತದೆ.

ಹಬ್ಬ ಬಂತು. ಮೇಲುಕೇರಿಗೆಲ್ಲ ಇದ್ದಕ್ಕಿದ್ದಂತೆ ಕಾಯಿಲೆಯೂ ಬಂತು. ಒಬ್ಬರಿಗೆ ಸಕ್ಕರೆ ಕಾಯಿಲೆ. ಒಬ್ಬರಿಗೆ ಗ್ಯಾಸು. ಒಬ್ಬರಿಗೆ ಡಾಕ್ಟರು ಕುರಿ ಮುಟ್ಟಬೇಡಿ ಎಂದಿದ್ದರಂತೆ. ಜನ್ಮದಲ್ಲಿ ಒಂದು ಹೊತ್ತು ಬಿಡದವರು ಅಂದು ಉಪವಾಸ ಹಿಡಿದರು. ಆರಾಧನೆಗೆ ಎಲ್ಲರೂ ಬಂದಿದ್ದರು. ಸ್ವರ್ಗಕ್ಕೆ ಹೋಗಲು ಯಾರಿಗೂ ಕಾಯಿಲೆ ಇರಲಿಲ್ಲ.

ಹಿರಿಯ ಬೆಳಿಗ್ಗೆಯೇ ಬಂದು ಉಗ್ರಾಣದ ಬಾಗಿಲು ತೆರೆದ. ಅದೇ ಕೊಪ್ಪರಿಗೆ. ಬಳೆಗಳಿಗೆ ಬೊಂಬು ತೂರಿಸಿದ. ಒಂದು ತುದಿಗೆ ಹೆಗಲು ಕೊಟ್ಟು ಸುತ್ತಲೂ ನೋಡಿದ. ಮೇಲುಕೇರಿಯವರು ಯಾರೂ ಮುಂದೆ ಬರಲಿಲ್ಲ. ಮಾರ್ತಮ್ಮನ ಮಗ ಬಂದು ಇನ್ನೊಂದು ತುದಿಗೆ ಹೆಗಲು ಕೊಟ್ಟ. ಇಬ್ಬರೂ ಎತ್ತಿ ಒಲೆಯ ಮೇಲಿಟ್ಟರು.

ಮಾರ್ತಮ್ಮ ಮಸಾಲೆ ಹುರಿದಳು, ಮಾಂಸ ಹಾಕಿದಳು, ನೀರು ಹೊಯ್ದಳು. ಅಷ್ಟಕ್ಕೆಲ್ಲ ಕೈ ಬಂತು. ಒಳಗೆ ಕೀರ್ತನೆ ಶುರುವಾಯಿತು. ಸಾರು ಕುದಿಯಿತು. ತಿರುವಬೇಕು ಎಂದು ಸೌಟು ಎತ್ತಿದಳು. ಕೈ ನಿಂತಿತು.

"ಕೊಡಿ ಅತ್ತೆ, ನಾನು ತಿರುವ್ತೀನಿ" ಎಂದಳು ಸೊಸೆ.

ಮಾರ್ತಮ್ಮ ಕೊಡಲಿಲ್ಲ, ತಿರುವಲೂ ಇಲ್ಲ. ಒಳಗೆ ಜನ ಹಾಡುತ್ತಲೇ ಇದ್ದರು. ತಳ ಹಿಡಿಯುವ ವಾಸನೆ ಬಂತು. ಅವಳ ಬೆನ್ನು ಕೂಗಿಗೆ ಕಾಯುತ್ತಿತ್ತು.

ಯಾರೂ ಕೂಗಲಿಲ್ಲ. ಒಲೆಯ ಆಚೆ ಹಿರಿಯ ನಿಂತಿದ್ದ. ಅವನ ಮೂಗಿಗೂ ವಾಸನೆ ಬಡಿಯಿತು.

"ತಳ ಹಿಡೀತಾ ಇದೆ ಮಾರ್ತಮ್ಮ, ನೋಡಿ!" ಎಂದ.

ಮಾರ್ತಿ ಎನ್ನಲಿಲ್ಲ. ನೋಡು ಎನ್ನಲಿಲ್ಲ. ಅವನಿಗೇ ಅದು ತಿಳಿಯಲಿಲ್ಲ. ಅವನಿಗೆ ಸಾರಿನದೇ ಚಿಂತೆ. ಮಾರ್ತಮ್ಮ ಸೌಟನ್ನು ಕೊಪ್ಪರಿಗೆಯೊಳಗೆ ಇಳಿಸಿದಳು, ತಳಕ್ಕೆ ಮುಟ್ಟಿಸಿದಳು, ಎರಡೂ ಕೈಯಿಂದ ತಿರುವಿದಳು. "ಉರಿ ಎಳೀರಿ ಗೌಡ್ರೇ, ಸುಮ್ಮನೆ ಯಾಕೆ ನಿಂತಿದ್ದೀರಿ?" ಎಂದು ಗದರಿದಳು. ಗೌಡ ಬಗ್ಗಿ ಕೊಳ್ಳಿ ಎಳೆದ.

ಆರಾಧನೆ ಮುಗಿಯಿತು. ಎಲೆ ಹಾಕಿದರು. ಕಾಯಿಲೆಯವರು ಒಬ್ಬೊಬ್ಬರಾಗಿ ಚಪ್ಪಲಿ ಮೆಟ್ಟಿ ಮನೆಗೆ ಹೊರಟರು. ಮೊದಲ ಪಂಕ್ತಿಯಲ್ಲಿ ಹಿರಿಯ ಕೂತ. ಅವನ ಒಂದು ಪಕ್ಕಕ್ಕೆ ಅಯ್ಯನವರು ಕೂತರು. ಇನ್ನೊಂದು ಪಕ್ಕಕ್ಕೆ ಮಾರ್ತಮ್ಮನ ಮಗ ಕೂತ. ಕೆಳಕೇರಿಯವರು ಕೂರದೆ ಸುತ್ತಲೂ ನಿಂತು ನೋಡಿದರು. ಮೇಲುಕೇರಿಯ ಬೆರಳೆಣಿಕೆಯ ಜನ ಬೇವಿನ ಮರದ ಕೆಳಗೆ ನಿಂತರು. ಗೌಡ್ತಿ ದೇವಾಲಯದ ಮೆಟ್ಟಿಲ ಮೇಲೆ ನಿಂತಳು.

ಮಾರ್ತಮ್ಮ ಅನ್ನದ ಮೇಲೆ ಸಾರು ಬಡಿಸಿದಳು. ಅವಳ ಕೈ ನಿಲ್ಲಲಿಲ್ಲ. ಹಿರಿಯ ಕಲಸಿದ. ತುತ್ತು ಎತ್ತಿ ಬಾಯಿಗೆ ಇಟ್ಟ. ಅಗಿದ. ನುಂಗಲಿಲ್ಲ. ಬಾಯಿ ತುಂಬಿಕೊಂಡು ಕೂತ. ಹಣೆಯ ಮೇಲೆ ಬೆವರು ಬಂತು. ಮನಸ್ಸು ಒಪ್ಪಿ ವರ್ಷವಾಗಿತ್ತು. ಗಂಟಲು ಇನ್ನೂ ಒಪ್ಪಿರಲಿಲ್ಲ. ಅವನ ಅಪ್ಪ, ಅಜ್ಜ, ಅವರಪ್ಪ ಎಲ್ಲರೂ ಆ ಗಂಟಲಲ್ಲಿ ಅಡ್ಡ ಕೂತಿದ್ದರು.

ಮಾರ್ತಮ್ಮ ಸೌಟು ಹಿಡಿದುಕೊಂಡೇ ಅವನ ಗಂಟಲು ನೋಡುತ್ತಿದ್ದಳು. ಅವನು ಉಗಿದರೆ ಅವಳ ಕೈ ಇನ್ನು ಎಂದೂ ಏಳುವುದಿಲ್ಲ. ಇಬ್ಬರಿಗೂ ಅದು ಗೊತ್ತಿತ್ತು.

ಅವನು ನುಂಗಿದ. ತುತ್ತು ಗಂಟಲಲ್ಲಿ ಇಳಿದದ್ದು ಎಲ್ಲರಿಗೂ ಕಂಡಿತು.

ಅಯ್ಯನವರು ಕೃತಜ್ಞತೆಯ ಪ್ರಾರ್ಥನೆಗೆ ಬಾಯಿ ತೆರೆದರು. ಅಷ್ಟರಲ್ಲಿ ಹಿರಿಯ ಎರಡನೇ ತುತ್ತು ಬಾಯಿಗೆ ಹಾಕಿಕೊಂಡು, ಮೇಲೆ ನೋಡಿ ಹೇಳಿದ:

"ಉಪ್ಪು ಸಾಲದು, ಮಾರ್ತಮ್ಮ."

ಅಯ್ಯನವರ ಮುಖ ಬಿಳಿಚಿತು.

ಮಾರ್ತಮ್ಮನಿಗೆ ಮೊದಲು ಅರ್ಥವಾಗಲಿಲ್ಲ. ಮೇಲುಕೇರಿಯವರು ಅವಳಿಗೆ ಏನೇನೋ ಹೇಳಿದ್ದರು. ಆಚೆ ಸರಿ ಎಂದಿದ್ದರು. ಮುಟ್ಟಬೇಡ ಎಂದಿದ್ದರು. ಈಚೆಗೆ ಅಮ್ಮ ಎಂದಿದ್ದರು, ಕ್ಷಮಿಸು ಎಂದಿದ್ದರು, ಶಾಲು ಹೊದಿಸಿ ದೇವರು ನಿನ್ನನ್ನು ಆಶೀರ್ವದಿಸಲಿ ಎಂದಿದ್ದರು. ಉಪ್ಪು ಸಾಲದು ಎಂದು ಒಬ್ಬರೂ ಹೇಳಿರಲಿಲ್ಲ. ಆ ಮಾತನ್ನು ಅವಳ ಗಂಡ ಹೇಳುತ್ತಿದ್ದ. ಅವಳ ಮಗ ಹೇಳುತ್ತಾನೆ. ಅವಳ ಕೈಯಲ್ಲಿ ಉಂಡವರು ಮಾತ್ರ ಹೇಳುವ ಮಾತು ಅದು. ಇನ್ನೂ ಉಣ್ಣಬೇಕು ಎಂದಿರುವವರು ಹೇಳುವ ಮಾತು.

ಅವಳು ಜೋರಾಗಿ ನಕ್ಕಳು.

"ಪಂಕ್ತಿಗೆ ಬಡಿಸೋ ಮೊದಲು ಹಬ್ಬದ ಸಾರು ರುಚಿ ನೋಡಬಾರದು ಅಂತ ಕಾನೂನು ಮಾಡಿದೋರು ಯಾರು? ನಿಮ್ಮಪ್ಪನೇ ಅಲ್ವಾ ಗೌಡ್ರೇ? ಉಪ್ಪು ನನಗೆ ಹೇಗೆ ಗೊತ್ತಾಗಬೇಕು, ಕನಸು ಬೀಳುತ್ತಾ?"

"ತಪ್ಪು ನಮ್ಮಪ್ಪನದೇ. ನೀವೀಗ ಉಪ್ಪು ಹಾಕಿ" ಎಂದ ಗೌಡ.

ಅವಳು ಹಿಡಿ ಉಪ್ಪು ತೆಗೆದು ಕೊಪ್ಪರಿಗೆಗೆ ಎಸೆದಳು. ತಿರುವಿದಳು. ಹೊಸ ಸಾರನ್ನು ಅವನ ಎಲೆಗೆ ಸುರಿದಳು. ಬೇವಿನ ಮರದ ಕೆಳಗಿನಿಂದ ಒಬ್ಬ ಮುದುಕ ಬಂದು ಪಂಕ್ತಿಯಲ್ಲಿ ಕೂತ. "ನನಗೆ ಗ್ಯಾಸು. ಖಾರ ಕಮ್ಮಿ ಇರೋ ಕಡೆಯಿಂದ ಹಾಕು" ಎಂದ. "ಒಂದೇ ಕೊಪ್ಪರಿಗೆ ಕಣಜ್ಜ, ಖಾರ ಎಲ್ಲಾ ಕಡೆ ಒಂದೇ" ಎಂದಳು ಮಾರ್ತಮ್ಮ. ಕೆಳಕೇರಿಯವರು ಗೊಳ್ಳೆಂದು ನಗುತ್ತ ಕೂತರು. ಕೆಲವರು ಕೂರಲಿಲ್ಲ. ಇನ್ನೂ ಕೋಪವಿದೆ ಎಂದು ಬಾಯಿ ಬಿಟ್ಟೇ ಹೇಳಿದರು. ಅವರ ಕೋಪಕ್ಕೆ ಕಾರಣವಿತ್ತು. ಮಾರ್ತಮ್ಮ ಅವರನ್ನು ಒತ್ತಾಯ ಮಾಡಲಿಲ್ಲ. ಅವರ ಪಾಲನ್ನು ಪಾತ್ರೆಗೆ ಹಾಕಿ ಮನೆಗೆ ಕಳಿಸಿದಳು.

ಕೊನೆಯ ಪಂಕ್ತಿ ಎದ್ದಿತು. ಎಲೆಗಳನ್ನು ಅಂದು ಹಿರಿಯ ಎತ್ತಿದ, ಮಾರ್ತಮ್ಮನ ಮಗ ಗುಂಡಿಗೆ ಎಸೆದ. ಗುಂಡಿಗೆ ಎಲೆ ಮಾತ್ರ ಬಿತ್ತು. ಗೌಡ್ತಿ ಊಟಕ್ಕೆ ಕೂರಲಿಲ್ಲ. ಮನೆಗೂ ಹೋಗಲಿಲ್ಲ. ಮೆಟ್ಟಿಲ ಮೇಲೆಯೇ ನಿಂತಿದ್ದಳು. ಮಾರ್ತಮ್ಮ ಕೊಪ್ಪರಿಗೆಯ ತಳದಲ್ಲಿ ಒಬ್ಬರಿಗಾಗುವಷ್ಟು ಸಾರು ಉಳಿಸಿ ಮುಚ್ಚಳ ಮುಚ್ಚಿದಳು.

ಗುರು ಕತೆ ನಿಲ್ಲಿಸಿದರು. ಖಾಲಿಯಾದ ತಮ್ಮ ಲೋಟವನ್ನು ಕೆಳಗಿಟ್ಟರು.

ಶಿಷ್ಯ ಕೇಳಿದ: "ಕೊನೆಗೆ ಆ ಗೌಡ್ತಿ ಉಂಡಳೇ, ಗುರುಗಳೇ?"

ಗುರು ಶಿಷ್ಯನ ಮುಂದಿದ್ದ ಲೋಟದ ಕಡೆ ನೋಡಿದರು. ಅದು ತುಂಬಿದ ಹಾಗೆಯೇ ಇತ್ತು. ಕೆನೆ ಕಟ್ಟಿತ್ತು. ಶಿಷ್ಯನೂ ಅದನ್ನು ನೋಡಿದ. ಪಾಠಕ್ಕೆ ಬರಲು ಶುರುಮಾಡಿದಂದಿನಿಂದ ತಾನು ಬದಿಗೆ ಸರಿಸಿಟ್ಟ ಲೋಟಗಳೆಲ್ಲ ಅವನಿಗೆ ನೆನಪಾದವು.

"ಕುಡಿದು ನೋಡು ಜಯಶೀಲ, ಸಕ್ಕರೆ ಸಾಲದಿದ್ದರೆ ಹೇಳು" ಎಂದರು ಗುರು.